ಸಾವಿರ ಲೀಟರ್ ಸ್ಪಿರುಲಿನಾ ತೊಟ್ಟಿ: ಕಟ್ಟಿದ್ದು, ಕೆಟ್ಟಿದ್ದು, ಖರ್ಚಾಗಿದ್ದು

ಪಾವಗಡ ತಾಲ್ಲೂಕಿನ ನಮ್ಮ ಮನೆ ಹಿತ್ತಲಲ್ಲಿ ಸ್ಪಿರುಲಿನಾ ಬೆಳೆಯುವ ಒಂದು ತೊಟ್ಟಿ ಈಗ ನಡೆಯುತ್ತಿದೆ. ಒಳಗಿನ ಅಳತೆ 10 ಅಡಿ ಉದ್ದ, 6 ಅಡಿ ಅಗಲ. ನೀರು 7 ಇಂಚು. ಹೆಚ್ಚೂಕಮ್ಮಿ 1,000 ಲೀಟರ್. ಬಿಸಿಲು ಚೆನ್ನಾಗಿದ್ದರೆ ದಿನಕ್ಕೆ 20ರಿಂದ 25 ಗ್ರಾಂ ಒಣ ಪಾಚಿ ಸಿಗುತ್ತದೆ. ಇಲ್ಲಿಗೆ ಬರುವಷ್ಟರಲ್ಲಿ ಒಂದು ವರ್ಷದ ಹತ್ತಿರ ಆಯಿತು, ಖರ್ಚು ₹25 ಸಾವಿರ ದಾಟಿತು. "ಮನೆಯಲ್ಲೇ ಸ್ಪಿರುಲಿನಾ, ತಿಂಗಳಿಗೆ ಲಕ್ಷ" ಅನ್ನೋ ವಿಡಿಯೋ ನೋಡಿ ಕೈಯಲ್ಲಿ ದುಡ್ಡು ಹಿಡಿದು ಕೂತವರು ಯಾರಾದರೂ ಇದ್ದರೆ, ಮೊದಲು ಇದನ್ನು ಓದಲಿ.

ಸ್ಪಿರುಲಿನಾ ಒಂದು ನೀಲಿ-ಹಸಿರು ಪಾಚಿ. ಆರ್ಥ್ರೋಸ್ಪೈರಾ ಅನ್ನೋದು ಅದರ ವಿಜ್ಞಾನದ ಹೆಸರು. ಒಣ ತೂಕದಲ್ಲಿ ನೂರಕ್ಕೆ 55ರಿಂದ 70 ಭಾಗ ಪ್ರೋಟೀನ್. ಆಫ್ರಿಕಾದ ಚಾಡ್ ಸರೋವರದ ಕಡೆ ಹೆಂಗಸರು ಇದನ್ನು ಕೊಳದಿಂದ ಬಾಚಿ, ಮರಳಿನ ಮೇಲೆ ಒಣಗಿಸಿ, ಬಿಲ್ಲೆ ಮಾಡಿ ಅಡುಗೆಗೆ ಬಳಸುತ್ತಾರೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1970ರ ದಶಕದಲ್ಲೇ ಪಾಚಿ ಬೆಳೆಸುವ ಕೆಲಸಕ್ಕೆ ಕೈ ಹಾಕಿತ್ತು. ತಮಿಳುನಾಡಿನ ಊನೈಯೂರಿನಲ್ಲಿ ಎಕರೆಗಟ್ಟಲೆ ಕೊಳಗಳಲ್ಲಿ ಬೆಳೆಯುತ್ತಾರೆ. ಥಿಯರಿ ಇಷ್ಟು ಸಾಕು. ಕೆಲಸಕ್ಕೆ ಬರೋಣ.

ಹಂತ 1: ತೊಟ್ಟಿ (ಆಗಸ್ಟ್)

ಸಿಮೆಂಟ್ ತೊಟ್ಟಿ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಬೇಡ ಅನಿಸಿದರೆ ಕಿತ್ತುಹಾಕಲು ಆಗಬೇಕು. 16 ಇಂಚು ಉದ್ದ, 8 ಇಂಚು ಎತ್ತರ, 6 ಇಂಚು ದಪ್ಪದ ಸಾಲಿಡ್ ಬ್ಲಾಕ್ 55 ತಂದೆ, ಒಂದಕ್ಕೆ ₹40. ಗಾರೆ ಇಲ್ಲದೆ ಎರಡು ವರಸೆ ಸುಮ್ನೆ ಜೋಡಿಸಿದ್ದು. ಜೋಡಿಸಲು 52 ಬೇಕಾಯಿತು, ಉಳಿದವು ಈಗ ಬಟ್ಟೆ ಕಲ್ಲಿನ ಪಕ್ಕ ಕೂರಲು ಇವೆ.

ಕಷ್ಟದ ಕೆಲಸ ನೆಲದ ಮಟ್ಟ. 7 ಇಂಚು ನೀರಿಗೆ ಒಂದು ಕಡೆ ಎರಡು ಇಂಚು ವಾಲಿದರೆ, ಆ ಮೂಲೆಯಲ್ಲಿ ಪಾಚಿ ಕೂತು ಕೊಳೆಯುತ್ತದೆ. ಕಣ್ಣಂದಾಜಿನಲ್ಲಿ ಮಟ್ಟ ಮಾಡಲು ಹೋಗಬೇಡಿ. ಮೇಸ್ತ್ರಿಗಳು ಬಳಸುವ ಲೆವೆಲ್ ಪೈಪ್ ತಂದು, ನಾಲ್ಕು ಮೂಲೆಗೂ ನಡುವಿಗೂ ಗೂಟ ಹೊಡೆದು ಗುರುತು ಮಾಡಿ, ಎಂ ಸ್ಯಾಂಡ್ ಎರಡು ಇಂಚು ಹಾಸಿ, ನೀರು ಚಿಮುಕಿಸಿ ದಮ್ಮಸ್ಸು ಮಾಡಿದೆ. ಮರಳು ಮತ್ತು ಆಟೋ ಬಾಡಿಗೆ ₹900. ಪ್ಲಾಸ್ಟಿಕ್ ಹಾಳೆ ಹಾಸುವ ಮೊದಲು ಮರಳಿನ ಮೇಲೆ ಅಂಗೈ ಆಡಿಸಿ ಚೂಪು ಕಲ್ಲು ಹೆಕ್ಕಬೇಕು. ಒಂದೇ ಒಂದು ಬೆಣಚುಕಲ್ಲು ಸಾಕು, ಸಾವಿರ ಲೀಟರ್ ಭಾರಕ್ಕೆ ಹಾಳೆ ತೂತಾಗುತ್ತದೆ.

ಹಾಳೆ 250 ಜಿಎಸ್‌ಎಂ ಸಿಲ್ಪಾಲಿನ್, 16×12 ಅಡಿ, ₹2,000. ಎಲ್ಲ ಕಡೆ ಬ್ಲಾಕ್ ಮೇಲೆ ಮಡಚಿ ಇಟ್ಟಿಗೆ ಹೇರಿದೆ. ಮೂಲೆಯಲ್ಲಿ ಕತ್ತರಿಸಬಾರದು. ಪುಸ್ತಕಕ್ಕೆ ಬೈಂಡ್ ಹಾಕುವ ಹಾಗೆ ಮಡಚಿದರೆ ಸಾಕು. ತುಂಬಿಸಿ ಎರಡು ದಿನ ಬಿಟ್ಟೆ. ಸೋರಲಿಲ್ಲ. ಆ ನೀರು ಚೆಲ್ಲಿ, ಒಳಗೆಲ್ಲ ಬರೀ ನೀರಲ್ಲಿ ಉಜ್ಜಿ ತೊಳೆದೆ. ಸೋಪು ಮುಟ್ಟಿಸಿಲ್ಲ.

ಹಂತ 2: ಬೋರ್‌ವೆಲ್ ನೀರು ಹಾಕಿ ಕೆಟ್ಟಿದ್ದು (ಸೆಪ್ಟೆಂಬರ್)

ಈ ಹಂತವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮ ಕಡೆ ಯಾರೇ ಈ ಕೆಲಸ ಮಾಡಿದರೂ ಮೊದಲು ಮುಗ್ಗರಿಸುವುದು ಇಲ್ಲೇ.

ಪಾಚಿ ಬೆಳೆಯುವ ಪೋಷಕಾಂಶದ ನೀರಿಗೆ, ಅಂದರೆ ಮಾಧ್ಯಮಕ್ಕೆ, ಸಿಎಫ್‌ಟಿಆರ್‌ಐ ಹೆಸರಲ್ಲಿ ಓಡಾಡುವ ಕಡಿಮೆ ಖರ್ಚಿನ ಲೆಕ್ಕ ಹಿಡಿದೆ. ಪುಸ್ತಕಗಳಲ್ಲಿರುವ ಝಾರೂಕ್ ಮಾಧ್ಯಮಕ್ಕೆ ಲೀಟರಿಗೆ 16.8 ಗ್ರಾಂ ಅಡುಗೆ ಸೋಡಾ ಬೇಕು. ಇದಕ್ಕೆ 4.5 ಗ್ರಾಂ ಸಾಕು. ಸಾವಿರ ಲೀಟರಿಗೆ ಹೀಗೆ:

ಸೋಡಿಯಂ ಬೈಕಾರ್ಬೊನೇಟ್ (ಅಡುಗೆ ಸೋಡಾ) 4.5 ಕೆಜಿ
ಸೋಡಿಯಂ ನೈಟ್ರೇಟ್ 1.5 ಕೆಜಿ
ಡೈಪೊಟ್ಯಾಸಿಯಂ ಫಾಸ್ಫೇಟ್ 500 ಗ್ರಾಂ
ಪೊಟ್ಯಾಸಿಯಂ ಸಲ್ಫೇಟ್ 1 ಕೆಜಿ
ಉಪ್ಪು 1 ಕೆಜಿ
ಮೆಗ್ನೀಸಿಯಂ ಸಲ್ಫೇಟ್ 200 ಗ್ರಾಂ
ಕ್ಯಾಲ್ಸಿಯಂ ಕ್ಲೋರೈಡ್ 40 ಗ್ರಾಂ
ಫೆರಸ್ ಸಲ್ಫೇಟ್ 10 ಗ್ರಾಂ

ಉಪ್ಪು ಅಯೋಡಿನ್ ಇಲ್ಲದ ಹರಳುಪ್ಪು. ಉಳಿದವು ಬೆಂಗಳೂರಿನ ಕೆಮಿಕಲ್ ಅಂಗಡಿಯಿಂದ ತಂದ ಫುಡ್ ಗ್ರೇಡ್ ಅಥವಾ ಲ್ಯಾಬ್ ಗ್ರೇಡ್. ಡ್ರಿಪ್‌ಗೆ ಬಿಡುವ 13-0-45, 0-0-50 ಗೊಬ್ಬರ ನಮ್ಮೂರಲ್ಲೇ ಸಿಗುತ್ತದೆ, ಕೆಲಸವೂ ಆಗುತ್ತದೆ. ಆದರೆ ತಿನ್ನುವ ಪಾಚಿಗೆ ನಾನು ಹಾಕಲ್ಲ. ಪಾಚಿ ನೀರಿನಲ್ಲಿರುವ ಭಾರ ಲೋಹಗಳನ್ನೆಲ್ಲ ಹೀರಿ ಇಟ್ಟುಕೊಳ್ಳುತ್ತದೆ. ಕಲುಷಿತ ನೀರು ಶುದ್ಧ ಮಾಡಲು ಪಾಚಿ ಬಳಸುವುದೇ ಆ ಗುಣಕ್ಕೆ. ತಟ್ಟೆಗೆ ಬರುವಾಗ ಅದೇ ಗುಣ ಅಪಾಯ.

ಬೋರ್ ನೀರು ತುಂಬಿಸಿದೆ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣ ಅಳೆಯುವ ಮೀಟರ್ 1,400 ಅಂತ ತೋರಿಸಿತು. ಅಡುಗೆ ಸೋಡಾ ಸುರಿದು ಪೊರಕೆಯಲ್ಲಿ ತಿರುವಿದೆ. ಮೊದಲು ಏನೂ ಆಗಲಿಲ್ಲ. ಫಾಸ್ಫೇಟ್ ಹಾಕಿದ ಮೇಲೆ ನೀರು ಅಕ್ಕಿ ತೊಳೆದ ಕಲಗಚ್ಚಿನ ಬಣ್ಣಕ್ಕೆ ತಿರುಗಿತು. ಮಾರನೇ ದಿನ ತಳದಲ್ಲಿ ಬಿಳಿ ಗಸಿ, ಬೆರಳಲ್ಲಿ ಉಜ್ಜಿದರೆ ಸುಣ್ಣದ ಹಾಗೆ ತರಿತರಿ. ನೀರಿನಲ್ಲಿದ್ದ ಕ್ಯಾಲ್ಸಿಯಂ, ಹಾಕಿದ ಸೋಡಾ ಮತ್ತು ಫಾಸ್ಫೇಟ್ ಜೊತೆ ಸೇರಿ ಗಟ್ಟಿಯಾಗಿ ತಳ ಸೇರಿತ್ತು. ₹350 ಕೊಟ್ಟು ತಂದ ಫಾಸ್ಫೇಟ್‌ನಲ್ಲಿ ಅರ್ಧ ಆ ಗಸಿಯಲ್ಲಿ ಹೋಯಿತು. ಪಾಚಿಗೆ ಅದು ಸಿಗಲ್ಲ. ಸಾಲದ್ದಕ್ಕೆ, ಸೋಸುವಾಗ ಆ ಗಸಿ ಪಾಚಿ ಜೊತೆ ಬಟ್ಟೆಗೆ ಬಂದು ಹಲ್ಲಿಗೆ ಸಿಗುತ್ತದೆ.

ಬಟ್ಟೆಯಲ್ಲಿ ಸೋಸಿ ಅದೇ ನೀರು ಬಳಸೋಣ ಅಂದುಕೊಂಡಿದ್ದೆ. ಬಿಟ್ಟೆ. ಕಾರಣ ಗಡಸುತನ ಒಂದೇ ಅಲ್ಲ. ಪಾವಗಡದ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ಇಲ್ಲಿನ ಪ್ರತಿ ಮನೆಗೂ ಗೊತ್ತು. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಮೇಲಿನ ಮಿತಿ. ತೊಟ್ಟಿಯಲ್ಲಿ ವಿಷಯ ಇನ್ನೂ ಕೆಡುತ್ತದೆ. ದಿನಾ 30 ಲೀಟರ್ ಆವಿಯಾಗುತ್ತದೆ, ಅಷ್ಟೇ ತುಂಬಬೇಕು. ಹೋಗುವುದು ಬರೀ ನೀರು. ಸುಣ್ಣ, ಫ್ಲೋರೈಡ್, ಉಪ್ಪು ಎಲ್ಲ ಅಲ್ಲೇ ಉಳಿದು ತಿಂಗಳು ತಿಂಗಳಿಗೂ ಗಟ್ಟಿಯಾಗುತ್ತವೆ. ತಿಂಗಳಿಗೆ ಸುಮಾರು ಒಂದು ತೊಟ್ಟಿಯಷ್ಟೇ ಹೊಸ ಬೋರ್ ನೀರು ಸೇರಿದ ಹಾಗೆ ಲೆಕ್ಕ. ವಿಡಿಯೋಗಳಲ್ಲಿ ಈ ಮಾತು ಯಾರೂ ಎತ್ತಲ್ಲ. ಬೀಜ, ಬಟ್ಟೆ, ಮೋಟಾರು ಆಮೇಲೆ. ಮೊದಲು ನಿಮ್ಮ ನೀರು ಎಲ್ಲಿಂದ ಅಂತ ನೋಡಿ.

ಆ ಸಾವಿರ ಲೀಟರ್ ಚೆಲ್ಲುವುದು ಇನ್ನೊಂದು ತಲೆನೋವು. ಎರಡು ಬಕೆಟ್ ಬಾಳೆ ಬುಡಕ್ಕೆ ಹಾಕಿ ನೋಡಿದೆ. ವಾರದಲ್ಲಿ ಎಲೆ ಅಂಚು ಸುಟ್ಟ ಹಾಗೆ ಕಂದಿತು. ಸೋಡಾ ನೀರು ಅಂದರೆ ಸೋಡಿಯಂ. ನೆಲ ಚೌಳಾಗುತ್ತದೆ. ಕೊನೆಗೆ ಮನೆ ಮುಂದಿನ ಕಲ್ಲುನೆಲದ ದಾರಿಗೆ ಧೂಳು ಏಳದ ಹಾಗೆ ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿ ಮುಗಿಸಿದೆ. ಈ ಸುತ್ತಿನಲ್ಲಿ ಸುಮಾರು ₹1,500 ಹೋಯಿತು.

ಹಂತ 3: ಮಳೆ ನೀರು (ಅಕ್ಟೋಬರ್)

ನಮ್ಮ ಆರ್‌ಸಿಸಿ ಮನೆ 30×20 ಅಡಿ. 20 ಮಿಲಿಮೀಟರ್ ಮಳೆ ಬಂದರೆ 1,100 ಲೀಟರ್. ಹಿಂಗಾರು ಒಂದು ರಾತ್ರಿ ಚೆನ್ನಾಗಿ ಹೊಡೆದರೆ ತೊಟ್ಟಿ ತುಂಬುತ್ತದೆ. ಮೊದಲ ಮಳೆ ಬಿಟ್ಟು, ತಾರಸಿ ಗುಡಿಸಿ, ಎರಡನೇ ಮಳೆಯ ನೀರನ್ನು ಪಂಚೆ ಬಟ್ಟೆಯಲ್ಲಿ ಸೋಸಿ ಸಿಂಟೆಕ್ಸ್‌ಗೆ ತುಂಬಿಸಿದೆ. ಟಿಡಿಎಸ್ 40ರ ಒಳಗೆ. ಎರಡು ಸಾವಿರ ಲೀಟರಿನ ಹಳೇ ಟ್ಯಾಂಕ್ ಒಂದು ನಮ್ಮಲ್ಲಿತ್ತು, ಅದನ್ನು ಖರ್ಚಿಗೆ ಸೇರಿಸಿಲ್ಲ. ಬೇಸಿಗೆಗೆ ಅದೂ ಸಾಲಲಿಲ್ಲ. ಆರ್‌ಒ ಘಟಕದ ನೀರು ಕ್ಯಾನ್‌ನಲ್ಲಿ ತರಬೇಕಾಯಿತು.

ಅದೇ ಲೆಕ್ಕದಲ್ಲಿ ಮತ್ತೆ ಕಲಸಿದೆ. ನೀರು ಗಾಜಿನ ಹಾಗೆ ತಿಳಿಯಾಗಿತ್ತು. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 8.4.

ಕಬ್ಬಿಣದ ಬಗ್ಗೆ ಒಂದು ಮಾತು. ಫೆರಸ್ ಸಲ್ಫೇಟ್ ಹರಳನ್ನು ನೇರ ತೊಟ್ಟಿಗೆ ಹಾಕಿದರೆ ಕಣ್ಣೆದುರೇ ಕಂದು ಮೋಡದ ಹಾಗಾಗಿ, ತುಕ್ಕಾಗಿ ತಳ ಸೇರುತ್ತದೆ. ಕ್ಷಾರ ನೀರಿನಲ್ಲಿ ಕಬ್ಬಿಣ ಕರಗಿ ನಿಲ್ಲಲ್ಲ. ಲ್ಯಾಬ್‌ನವರು ಅದನ್ನು ಕರಗಿದ ಹಾಗೇ ಹಿಡಿದಿಡಲು ಇಡಿಟಿಎ ಅನ್ನೋ ರಾಸಾಯನಿಕ ಹಾಕುತ್ತಾರೆ. ನಾನು ನಿಂಬೆರಸ ಬಳಸುತ್ತೇನೆ. 10 ಗ್ರಾಂ ಹರಳು, ನಾಲ್ಕು ನಿಂಬೆಹಣ್ಣಿನ ರಸ, ಅರ್ಧ ಲೀಟರ್ ನೀರು, ಒಂದು ರಾತ್ರಿ ಗಾಜಿನ ಬಾಟಲಿಯಲ್ಲಿ. ಬೆಳಿಗ್ಗೆ ತಿಳಿ ಹಳದಿ-ಹಸಿರು ಬಣ್ಣಕ್ಕೆ ಬಂದಿರುತ್ತದೆ. ತಿರುವುತ್ತಾ ತಿರುವುತ್ತಾ ಸಣ್ಣ ಧಾರೆಯಲ್ಲಿ ಬಿಡಬೇಕು.

ಹಂತ 4: ಬೀಜ ಹಿಗ್ಗಿಸುವುದು (ನವೆಂಬರ್)

ಬೀಜ ಅಂದರೆ ಜೀವಂತ ಪಾಚಿ ಇರುವ ನೀರು. ಇದನ್ನು ಮದರ್ ಕಲ್ಚರ್ ಅಂತಾರೆ. ನಾವು ಮನೆಯಲ್ಲಿ ಹೆಪ್ಪು ಅಂತೀವಿ. 20 ಲೀಟರ್ ಕ್ಯಾನ್ ₹1,500. ಬೆಳೆಯುವವರಿಂದಲೇ ತರಬೇಕು, ಯಾವುದೋ ಕೆರೆಯಿಂದ ಹಸಿರು ನೀರು ತರಬಾರದು. ಕೆರೆಯಲ್ಲಿ ಹಸಿರಾಗಿ ತೇಲುವುದರಲ್ಲಿ ವಿಷ ಬಿಡುವ ಮೈಕ್ರೋಸಿಸ್ಟಿಸ್ ಜಾತಿಯೂ ಇರುತ್ತದೆ. ಅದು ಲಿವರ್‌ಗೆ ಹೊಡೆತ.

ತಂದವನೇ 20 ಲೀಟರನ್ನು 200 ಲೀಟರಿಗೆ ಸುರಿದು ಬಿಸಿಲಲ್ಲಿಟ್ಟೆ. ಎರಡು ದಿನದಲ್ಲಿ ಹಸಿರು ಹೋಗಿ ಹಳದಿ, ಆಮೇಲೆ ಬಿಳಿ ಎಳೆ ಎಳೆ. ತೆಳುವಾದ ಪಾಚಿಗೆ ನೇರ ಬಿಸಿಲು ಬಿದ್ದರೆ ಬಿಳಿಚಿ ಸಾಯುತ್ತದೆ. ದಟ್ಟವಾಗಿದ್ದರೆ ಮೇಲಿನ ಪಾಚಿ ಕೆಳಗಿನದಕ್ಕೆ ನೆರಳಾಗುತ್ತದೆ. ಪುಣ್ಯಕ್ಕೆ ಎರಡು ಲೀಟರ್ ಬೇರೆ ತೆಗೆದು ಅಡುಗೆಮನೆ ಕಿಟಕಿಯಲ್ಲಿ ಇಟ್ಟಿದ್ದೆ. ಅದರಿಂದಲೇ ಮತ್ತೆ ಶುರು.

ಈ ಸಲ ಒಂದಕ್ಕೆ ಮೂರರ ಲೆಕ್ಕ ಮೀರಲಿಲ್ಲ. 2 ಲೀಟರ್ ಇದ್ದದ್ದು 6 ಆಯಿತು, 6 ಇದ್ದದ್ದು 18. ಹೀಗೇ ಬಕೆಟ್, ಟಬ್, ನೀಲಿ ಡ್ರಮ್ ದಾಟಿ ತೊಟ್ಟಿಗೆ. ಪ್ರತಿ ಸಲವೂ ಬಣ್ಣ ಕಡು ಹಸಿರಾಗುವ ತನಕ ಕಾಯಬೇಕು. ಡ್ರಮ್ಮಿನ ತನಕ ಎರಡು ಪದರ ಶೇಡ್‌ನೆಟ್ ಕೆಳಗೇ ಇತ್ತು. ಆತುರ ಮಾಡಿದ್ದಕ್ಕೆ ಒಂದು ತಿಂಗಳು ಹಿಂದೆ ಬಿದ್ದೆ. ಅಷ್ಟರಲ್ಲಿ ಚಳಿ ಬಂತು.

ಡಿಸೆಂಬರ್-ಜನವರಿಯಲ್ಲಿ ಬೆಳಿಗ್ಗೆ ನೀರು 17-18 ಡಿಗ್ರಿ. 20ರ ಕೆಳಗೆ ಈ ಪಾಚಿ ಮಲಗಿಬಿಡುತ್ತದೆ. 30ರಿಂದ 35 ಅದಕ್ಕೆ ಹಿತ. ರಾತ್ರಿ ತೊಟ್ಟಿಗೆ ಟಾರ್ಪಾಲ್ ಮುಚ್ಚಿದರೆ ಎರಡು-ಮೂರು ಡಿಗ್ರಿ ಉಳಿಯಿತು. ಬೇರೆ ಏನೂ ಮಾಡಲಿಲ್ಲ. ಸಂಕ್ರಾಂತಿ ಆದ ಮೇಲೆ ತಾನಾಗೇ ಎದ್ದಿತು.

ಹಂತ 5: ತಿರುವುವ ಚಕ್ರ

ಮೊದಮೊದಲು ಹೊಸ ಪೊರಕೆಯಲ್ಲಿ ಕೈಯಲ್ಲೇ ತಿರುವುತ್ತಿದ್ದೆ. ಸ್ಪಿರುಲಿನಾ ತೇಲುವ ಪಾಚಿ. ತಿರುವದಿದ್ದರೆ ಮೇಲೆ ಕೆನೆಗಟ್ಟಿ, ಮೇಲಿನದು ಬಿಸಿಲಿಗೆ ಬೇಯುತ್ತದೆ, ಕೆಳಗಿನದಕ್ಕೆ ಬೆಳಕಿಲ್ಲ. ಹೊಲಕ್ಕೆ ಹೋದ ದಿನ ಅಮ್ಮನಿಗೆ ಒಪ್ಪಿಸುತ್ತಿದ್ದೆ. "ಎಮ್ಮೆ ಕಟ್ಟಿದ್ರೆ ಹಾಲಾದ್ರೂ ಕೊಡ್ತಿತ್ತು ಕಣೋ, ಇದೇನು ಪಾಚಿಗೆ ಚಾಕರಿ" ಅಂತ ಗೊಣಗುತ್ತಲೇ ತಿರುವುತ್ತಿದ್ದರು. ಹೀಗೆ ಎಷ್ಟು ದಿನ ಅಂತ, ಮೋಟಾರಿನ ಯೋಚನೆ ಬಂತು.

ಅರ್ಧ ಎಚ್‌ಪಿ ಪಂಪ್ ಹಾಕಿ ನೀರು ಸುತ್ತಿಸೋಣ ಅಂತ ಒಂದು ದಿನ ನೋಡಿದೆ. ಸಂಜೆಗೆ ಮೇಲೆಲ್ಲ ನೊರೆ. ಪಂಪಿನ ಇಂಪೆಲ್ಲರ್ ಪಾಚಿಯ ಎಳೆಗಳನ್ನು ತುಂಡು ಮಾಡುತ್ತದೆ. ತುಂಡಾದರೆ ಸೋಸುವ ಬಟ್ಟೆಯಲ್ಲೂ ನಿಲ್ಲಲ್ಲ. ಪಂಪ್ ವಾಪಸ್ ಬಾವಿಗೆ.

ಕೊನೆಗೆ ಗುಜರಿಯಲ್ಲಿ ಕಾರಿನ ವೈಪರ್ ಮೋಟಾರು ಸಿಕ್ಕಿತು, 12 ವೋಲ್ಟ್, ₹500. ಮಿಕ್ಕ ಸಾಮಾನು: 20 ಮಿ.ಮೀ. ಸ್ಟೇನ್‌ಲೆಸ್ ರಾಡ್ ₹700, ಯುಸಿಪಿ 204 ಬೇರಿಂಗ್ ಎರಡು ₹500, ಪಾಲಿಕಾರ್ಬೊನೇಟ್ ಶೀಟ್ ₹600, ಸ್ಪೀಡ್ ಕಂಟ್ರೋಲರ್ ₹250, 100 ವಾಟ್ ಸೋಲಾರ್ ಪ್ಯಾನೆಲ್ ₹3,800. ತಿರುಮಣಿ ಕಡೆ ಕಣ್ಣು ಹಾಯಿಸಿದಷ್ಟು ದೂರ ಸೋಲಾರ್ ಪಾರ್ಕ್ ಇದೆ. ನಮ್ಮ ಹಿತ್ತಲಿನ ಪಾಲು ಈ ಒಂದು ಹಲಗೆ.

ತೊಟ್ಟಿ ನಡುವೆ ಉದ್ದಕ್ಕೆ 7 ಅಡಿ ತಡೆಗೋಡೆ ನಿಲ್ಲಿಸಿದೆ, ಎರಡೂ ತುದಿಯಲ್ಲಿ ಒಂದೂವರೆ ಅಡಿ ಬಿಟ್ಟು. ನೀರು ಒಂದು ಕಡೆ ಹೋಗಿ ಇನ್ನೊಂದು ಕಡೆ ಬರಬೇಕು. ಚಕ್ರಕ್ಕೆ ಆರು ಹಲಗೆ, ಒಂದೊಂದೂ 32 ಇಂಚು ಅಗಲ, ನೀರಿಗೆ 4 ಇಂಚು ಮುಳುಗುತ್ತವೆ.

ಕೆಟ್ಟಿದ್ದು ಮೂರು ಕಡೆ. ಒಂದು, ವೇಗ. ವೈಪರ್ ಮೋಟಾರು ನಿಮಿಷಕ್ಕೆ 40 ಸುತ್ತು ಹೊಡೆದು ನೀರು ಎರಚಿ, ಗೋಡೆಗೆಲ್ಲ ಹಸಿರು ಬಳಿಯಿತು. ಕಂಟ್ರೋಲರಲ್ಲಿ 12ಕ್ಕೆ ಇಳಿಸಿದೆ. ಎರಡು, ಬಿಸಿ. ಈ ಮೋಟಾರು ಇಡೀ ದಿನ ಓಡಲು ಮಾಡಿದ್ದಲ್ಲ. ಮಧ್ಯಾಹ್ನಕ್ಕೆ ವಾರ್ನಿಷ್ ಸುಟ್ಟ ವಾಸನೆ. ಮೋಟಾರ್ ವೈಂಡಿಂಗ್ ಮಾಡುವ ನಮ್ಮೂರ ಅಣ್ಣ ಮುಟ್ಟಿ ನೋಡಿ, "ಮಳೆಲಿ ಅರ್ಧ ಗಂಟೆ ಓಡೋ ಮೋಟ್ರು ಇದು, ದಿನವೆಲ್ಲಾ ಗಾಣ ತಿರುಗ್ಸಿದ್ರೆ ಏನಾಯ್ತದೆ" ಅಂದರು. ₹400ರ ಸೈಕ್ಲಿಕ್ ಟೈಮರ್ ಹಾಕಿಸಿದರು. ಹದಿನೈದು ನಿಮಿಷ ಓಟ, ಹದಿನೈದು ನಿಮಿಷ ವಿರಾಮ. ಅಲ್ಲಿಂದ ತೊಂದರೆ ಇಲ್ಲ. ಮೂರು, ಬೋಲ್ಟು. ಅಂಗಡಿಯವರು ಕೊಟ್ಟ ಜಿಐ ಬೋಲ್ಟು ಈ ಕ್ಷಾರ ನೀರಿನಲ್ಲಿ ಬಿಳಿ ಪುಡಿ ಬಿಟ್ಟಿತು. ಅದು ಸತು. ತಿನ್ನುವ ಪಾಚಿಗೆ ಸೇರುವುದು ಬೇಡ ಅಂತ ಎಲ್ಲ ಕಿತ್ತು ಸ್ಟೇನ್‌ಲೆಸ್ ಹಾಕಿದೆ.

ಮೂಲೆಗಳಲ್ಲಿ ಈಗಲೂ ನೀರು ನಿಲ್ಲುತ್ತದೆ. ಚೌಕ ತೊಟ್ಟಿಯ ಹಣೆಬರಹ ಅದು. ಸಂಜೆ ಒಂದು ಸಲ ಪೊರಕೆ ಬೇಕೇ ಬೇಕು. ಮತ್ತೆ ಕಟ್ಟಿದರೆ ತುದಿಗಳನ್ನು ದುಂಡಗೆ ಕಟ್ಟುತ್ತೇನೆ.

ಹಂತ 6: ಕೊಯ್ಲು (ಫೆಬ್ರವರಿಯಿಂದ)

ಯಾವಾಗ ತೆಗೆಯಬೇಕು ಅಂತ ತಿಳಿಯಲು ಯಂತ್ರ ಬೇಡ. ಬಿಳಿ ಡಬ್ಬಿ ಮುಚ್ಚಳವನ್ನು ಸ್ಕೇಲಿನ ತುದಿಗೆ ಅಂಟಿಸಿ ನೀರಿಗೆ ಇಳಿಸುತ್ತೇನೆ. 3 ಸೆಂಟಿಮೀಟರ್ ಒಳಗೇ ಮುಚ್ಚಳ ಮಾಯವಾದರೆ ಕೊಯ್ಲಿಗೆ ಬಂದಿದೆ. 5 ಸೆಂಟಿಮೀಟರಿಗೆ ಬರುವ ತನಕ ತೆಗೆದು ನಿಲ್ಲಿಸುತ್ತೇನೆ. ಪಿಎಚ್ 9.8ರಿಂದ 10.5 ನಡುವೆ ಇರಬೇಕು. 9.5ರ ಕೆಳಗೆ ಬಹಳ ದಿನ ಇದ್ದರೆ ಬೇರೆ ಹಸಿರು ಪಾಚಿ ಹೊಕ್ಕುತ್ತದೆ. ಪಿಎಚ್ ತೀರಾ ಏರಿದರೆ ಸೋಡಾ ಮುಗಿದಿದೆ ಅಂತ ಅರ್ಥ.

ಬೆಳಿಗ್ಗೆ ಆರೂವರೆಗೆ ಚಕ್ರ ಓಡುವ ಮೊದಲು ಪಾಚಿ ಮೇಲೆ ತೇಲಿ ಗಾಳಿ ಬೀಸಿದ ಕಡೆ ಸೇರಿರುತ್ತದೆ. ಮಗ್ಗಿನಲ್ಲಿ ಅಲ್ಲಿಂದಲೇ ತೆಗೆದರೆ ಕಡಿಮೆ ನೀರಿಗೆ ಜಾಸ್ತಿ ಪಾಚಿ. ಮೊದಲು ಟೀ ಜರಡಿ, ಹುಳ ಮತ್ತು ಹುಣಸೆ ಎಲೆ ತಡೆಯಲು. ಕೆಳಗೆ 50 ಮೈಕ್ರಾನ್ ನೈಲಾನ್ ಬಟ್ಟೆ, ಎರಡು ಮೀಟರ್ ₹900. ಮೊದಲು ಹಳೇ ಕಾಟನ್ ಸೀರೆಯಲ್ಲಿ ಸೋಸಲು ಹೋಗಿದ್ದೆ. ನೂಲಿನೊಳಗೆ ಪಾಚಿ ಸಿಕ್ಕಿಕೊಂಡು ಎರಡನೇ ದಿನಕ್ಕೇ ಸೀರೆ ಕೊಳೆತ ಮೀನಿನ ವಾಸನೆ ಹೊಡೆಯಿತು. ನೈಲಾನ್ ಬಟ್ಟೆಯಾದರೆ ಸೋಸಿದ ತಕ್ಷಣ ತಿರುವಿ ಹಾಕಿ ತೊಳೆದರೆ ಮುಗೀತು. ಸೋಸಿದ ನೀರು ವಾಪಸ್ ತೊಟ್ಟಿಗೆ.

ಬಟ್ಟೆ ಮೇಲೆ ನಿಲ್ಲುವುದು ನೋಡಲು ಚೆಂದ. ಕಡು ಹಸಿರು, ನುಣ್ಣಗೆ, ಬೆರಳಿಟ್ಟರೆ ಗುರುತು ಉಳಿಯುತ್ತದೆ. ಗಂಟು ಕಟ್ಟಿ, ಎರಡು ಹಲಗೆ ನಡುವೆ ಇಟ್ಟು, ಮೇಲೆ ಒಂದು ಬ್ಲಾಕ್ ಹೇರುತ್ತೇನೆ. ಮೊದಲು ತಿಳಿ ನೀರು ಇಳಿಯುತ್ತದೆ. ಹಸಿರು ಬರಲು ಶುರುವಾದರೆ ಒತ್ತಡ ಜಾಸ್ತಿ ಆಯಿತು ಅಂತ ಅರ್ಥ, ನಿಲ್ಲಿಸಬೇಕು. ಒತ್ತಿದ ಮೇಲೂ ನೂರಕ್ಕೆ 80 ಭಾಗ ನೀರೇ. 120 ಗ್ರಾಂ ಮುದ್ದೆಗೆ 24 ಗ್ರಾಂ ಒಣ ಪಾಚಿ.

ಒಣಗಿಸುವುದಕ್ಕೆ ಶ್ಯಾವಿಗೆ ಒರಳು. ಮುದ್ದೆಯನ್ನು ಅದರಲ್ಲಿ ಹಾಕಿ ಸೊಳ್ಳೆಪರದೆ ಹೊದೆಸಿದ ಚೌಕಟ್ಟಿನ ಮೇಲೆ ಎಳೆ ಎಳೆಯಾಗಿ ಒತ್ತಿದರೆ ಎಲ್ಲ ಕಡೆಯಿಂದ ಗಾಳಿ ಆಡುತ್ತದೆ. ತಟ್ಟೆ ಮೇಲೆ ಬಳಿದರೆ ಮೇಲೆ ಪದರ ಕಟ್ಟಿ ಒಳಗೆ ಹಸಿ ಉಳಿಯುತ್ತದೆ, ಮೂರನೇ ದಿನಕ್ಕೆ ಬೂಸ್ಟು. ಪ್ಲೈವುಡ್ ಪೆಟ್ಟಿಗೆ, ಮೇಲೆ ಗಾಜು, ಒಳಗೆ ಕಪ್ಪು ತಗಡು, ಹಿಂದೆ ಮುಂದೆ ತೂತು. ₹1,200. ಪಾಚಿ ಮೇಲೆ ನೇರ ಬಿಸಿಲು ಬೀಳದ ಹಾಗೆ ಕಪ್ಪು ಬಟ್ಟೆ. ಪೆಟ್ಟಿಗೆ 60 ಡಿಗ್ರಿ ದಾಟಬಾರದು. ಏಪ್ರಿಲ್‌ನಲ್ಲಿ ನಾಲ್ಕು ಗಂಟೆಗೆ ಎಳೆಗಳು ಪಟಪಟ ಮುರಿಯುತ್ತವೆ. ಬಾಗಿದರೆ ಇನ್ನೂ ಹಸಿ.

ವಾಸನೆ ಇದ್ದೇ ಇರುತ್ತದೆ, ಹಸಿ ಸೊಪ್ಪು ಮತ್ತು ಸಮುದ್ರದ ನಡುವಿನ ಒಂದು ವಾಸನೆ. ನಾವು ಚಟ್ನಿಪುಡಿಗೆ ಬೆರೆಸುತ್ತೇವೆ. ಮುದ್ದೆ-ಸಾರಿಗೆ ಹಾಕಿದಾಗ ಸಾರು ಕಪ್ಪಾಯಿತು, ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಸಸ್ಯಾಹಾರಿಗಳಿಗೆ ಬಿ12 ಸಿಗುತ್ತದೆ ಅಂತ ಡಬ್ಬಿ ಮೇಲೆ ಬರೆದಿದ್ದರೆ ನಂಬಬೇಡಿ. ಇದರಲ್ಲಿರುವ ಬಿ12ನಲ್ಲಿ ಹೆಚ್ಚಿನದು ನಮ್ಮ ಮೈಗೆ ಕೆಲಸಕ್ಕೆ ಬಾರದ ರೂಪದ್ದು.

ಹಂತ 7: ಬೇಸಿಗೆ ಮತ್ತು ಆಷಾಢ

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ನೀರು 41 ಡಿಗ್ರಿ. ಸಂಜೆಗೆ ಹಸಿರು ನೀರಿನ ಅಂಚಲ್ಲಿ ನೀಲಿ ಕಾಣಿಸಿತು, ಬಟ್ಟೆಗೆ ಹಾಕುವ ನೀಲಿಯ ಹಾಗೆ. ಪಾಚಿ ಒಡೆದು ಒಳಗಿನ ಫೈಕೋಸಯನಿನ್ ಬಣ್ಣ ನೀರಿಗೆ ಬಿಟ್ಟಿತ್ತು. ಆ ನೀಲಿ ಬಣ್ಣವನ್ನೇ ಐಸ್‌ಕ್ರೀಮು, ಮಿಠಾಯಿಗೆ ಮಾರುವ ಕಂಪನಿಗಳಿವೆ. ನಮಗೆ ಅದು ಸಾವಿನ ಬಣ್ಣ. ಎರಡನೇ ಶೇಡ್‌ನೆಟ್ ಎಳೆದು, ನೀರನ್ನು 9 ಇಂಚಿಗೆ ಏರಿಸಿ, ವಾರ ಕೊಯ್ಲು ನಿಲ್ಲಿಸಿದೆ. ಮುಕ್ಕಾಲು ಭಾಗ ಉಳಿಯಿತು.

ಮೇಲ್ಛಾವಣಿ ಸರ್ವೆ ಕಂಬ, 200 ಮೈಕ್ರಾನ್ ಯುವಿ ಹಾಳೆ, ಶೇಡ್‌ನೆಟ್ ಸೇರಿ ₹4,100. ಆಷಾಢದ ಗಾಳಿಗೆ ಹಾಳೆ ಹರಿದು ತೊಟ್ಟಿ ಮೇಲೇ ಬಿತ್ತು. ಕೆಂಪು ಧೂಳು ಕೂತು ಪಾಚಿ ಇಟ್ಟಿಗೆ ಬಣ್ಣ. ಧೂಳು ತಳ ಸೇರುವ ತನಕ ತಿರುವುವುದು ನಿಲ್ಲಿಸಿ, ತೇಲುವ ಪಾಚಿ ಮಾತ್ರ ಬೇರೆ ಡ್ರಮ್ಮಿಗೆ ಎತ್ತಿ, ತಳ ಬಾಚಿ ತೆಗೆದೆ. ಈಗ ಹಾಳೆಯನ್ನು ಮೊಳೆಯಲ್ಲಿ ಹೊಡೆದಿಲ್ಲ. ಡ್ರಿಪ್ ಪೈಪು ಸೀಳಿ ಕ್ಲಿಪ್ಪಿನ ಹಾಗೆ ಕಂಬಕ್ಕೆ ಕೂರಿಸಿದ್ದೇನೆ. ಗಾಳಿ ಜೋರಾದರೆ ಹಾಳೆ ಬಿಚ್ಚಿಕೊಳ್ಳುತ್ತದೆ, ಹರಿಯಲ್ಲ.

ಲೆಕ್ಕ

ಬ್ಲಾಕ್, ಮರಳು, ಹಾಳೆ ₹5,100. ಛಾವಣಿ ₹4,100. ಚಕ್ರ, ಪ್ಯಾನೆಲ್ ₹6,750. ಪಿಎಚ್ ಪೆನ್, ಥರ್ಮಾಮೀಟರ್, ಸಣ್ಣ ತಕ್ಕಡಿ ₹1,650. ಬಟ್ಟೆ ₹900. ಹೆಪ್ಪು ₹1,500. ಈಗ ಓಡುತ್ತಿರುವ ತೊಟ್ಟಿಗೆ ತಂದ ರಾಸಾಯನಿಕ ₹2,960, ಇದರಲ್ಲಿ 25 ಕೆಜಿ ಸೋಡಾ ಚೀಲ ಒಂದಿದೆ. ಡ್ರೈಯರ್ ₹1,200. ಬೋರ್ ನೀರಿನ ಸುತ್ತಿನ ನಷ್ಟ ₹1,500. ಒಟ್ಟು ₹25,660.

ನಡೆಸುವ ಖರ್ಚು: ಒಂದು ಕೆಜಿ ಒಣ ಪಾಚಿ ತೆಗೆದರೆ ಸೋಡಿಯಂ ನೈಟ್ರೇಟ್ 700 ಗ್ರಾಂ, ಸೋಡಾ 3ರಿಂದ 4 ಕೆಜಿ, ಫಾಸ್ಫೇಟ್ 60 ಗ್ರಾಂ, ಮಿಕ್ಕಿದ್ದು ಚೂರುಪಾರು ವಾಪಸ್ ಹಾಕುತ್ತೇನೆ. ಸುಮಾರು ₹350. ಒಳ್ಳೆ ತಿಂಗಳಲ್ಲಿ ಸಿಗುವುದು ಅರ್ಧ ಕೆಜಿಯಿಂದ 600 ಗ್ರಾಂ. ದಿನಕ್ಕೆ ಒಂದೂವರೆ ಗಂಟೆ ಕೆಲಸ. ನನ್ನ ಕೂಲಿ ಸೇರಿಸಿದರೆ ಅಂಗಡಿಯಿಂದ ತರುವುದೇ ಸಲೀಸು. ಮಾರಬೇಕೆಂದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಪರವಾನಗಿ, ಲ್ಯಾಬ್ ಪರೀಕ್ಷೆ ಬೇರೆ. "ನಾವೇ ವಾಪಸ್ ಕೊಳ್ತೀವಿ ಸಾರ್" ಅಂತ ಒಬ್ಬರು ಫೋನ್ ಮಾಡಿದ್ದರು. ಮೊದಲು ಅವರ ಹತ್ತಿರವೇ ತೊಟ್ಟಿ, ಹೆಪ್ಪು, ರಾಸಾಯನಿಕ ಕೊಳ್ಳಬೇಕಂತೆ. ಬರೆದು ಕೊಡಿ ಅಂದೆ, ಮತ್ತೆ ಫೋನ್ ಬರಲಿಲ್ಲ.

ಪರಿಸರದ ಲೆಕ್ಕವನ್ನೂ ಹಾಕಿ ನೋಡಿದೆ. ಒಂದು ಕೆಜಿ ಪಾಚಿ ಬೆಳೆಯಲು ಸುಮಾರು 1.8 ಕೆಜಿ ಇಂಗಾಲದ ಡೈಆಕ್ಸೈಡ್ ಬೇಕು. ವರ್ಷಕ್ಕೆ 5 ಕೆಜಿ ಪಾಚಿ ಅಂದರೆ 9 ಕೆಜಿ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕೆಜಿ ಬರುತ್ತದೆ. ನನ್ನ ತೊಟ್ಟಿಯ ವರ್ಷದ ದುಡಿಮೆ ನಾಲ್ಕು ಲೀಟರ್ ಪೆಟ್ರೋಲಿಗೆ ಸರಿಹೋಯಿತು. ಅದರಲ್ಲೂ ಅರ್ಧ ಇಂಗಾಲ ಗಾಳಿಯಿಂದ ಬಂದದ್ದಲ್ಲ, ಕಾರ್ಖಾನೆಯ ಸೋಡಾ ಚೀಲದಿಂದ ಬಂದದ್ದು. ಹೊಗೆ ಬಿಡುವ ಕಾರ್ಖಾನೆ ಪಕ್ಕದಲ್ಲಿ ಆ ಹೊಗೆಯನ್ನೇ ಕೊಳಕ್ಕೆ ಬಿಟ್ಟು ಬೆಳೆದರೆ ಮಾತು ಬೇರೆ. ಹಿತ್ತಲಲ್ಲಿ ಬೆಳೆದು ಭೂಮಿ ಉಳಿಸುತ್ತೇನೆ ಅನ್ನೋದು ಸುಳ್ಳು. ಆದರೆ 60 ಚದರಡಿ ಜಾಗ, ಉಳುಮೆ ಇಲ್ಲ, ಔಷಧಿ ಇಲ್ಲ, ಅಷ್ಟರಲ್ಲಿ ಇಷ್ಟು ಪ್ರೋಟೀನ್ ಕೊಡುವ ಬೆಳೆ ನಮ್ಮ ಕಡ್ಲೇಕಾಯಿ ಹೊಲದಲ್ಲಂತೂ ಇಲ್ಲ.

ಬಾಕಿ ಇರುವುದು

ಮೋಡ ಮುಸುಕಿದ ದಿನ ಡ್ರೈಯರ್ ಕೈಕೊಡುತ್ತದೆ. ಅರೆ ಒಣಗಿದ್ದು ರಾತ್ರಿಗೆ ಹುಳಿ ವಾಸನೆ ಬಂದು ಎಸೆಯಬೇಕಾಗುತ್ತದೆ. ಅಂಥ ದಿನ ಸದ್ಯಕ್ಕೆ ಕೊಯ್ಲನ್ನೇ ಬಿಡುತ್ತಿದ್ದೇನೆ. ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಎರಡು ತಂದಿಟ್ಟಿದ್ದೇನೆ, ಹಿಂದಿನ ತೂತಿಗೆ ಕೂರಿಸಬೇಕು. ಪುಡಿಯ ಭಾರ ಲೋಹದ ಪರೀಕ್ಷೆಗೆ ಲ್ಯಾಬಿಗೆ ಕಳಿಸಬೇಕು. ಅದು ಬರುವ ತನಕ ನಾನು ದಿನಕ್ಕೆ 3 ಗ್ರಾಂ ದಾಟಿ ತಿನ್ನುತ್ತಿಲ್ಲ, ಮಕ್ಕಳಿಗೆ ಕೊಡುತ್ತಿಲ್ಲ. ಹೆಪ್ಪು ಬೇಕಾದವರು ಎರಡು ಲೀಟರ್ ಬಾಟಲಿ ತಂದರೆ ತುಂಬಿಸಿ ಕೊಡುತ್ತೇನೆ. ದುಡ್ಡು ಬೇಡ, ಆದರೆ ನಿಮ್ಮ ನೀರಿನ ಟಿಡಿಎಸ್ ಎಷ್ಟು ಅಂತ ನೋಡಿಕೊಂಡು ಬನ್ನಿ.